ಗಿರಣಿಯ ಅಂಗಳದಿಂದ ಪುರಸಭೆಗೆ

ಶಿಕಾರಿಪುರ, ಸೊರಬ ಸೀಮೆಯಲ್ಲಿ, ಕ್ಯಾಸನೂರಿನಂತಹ ಕಾಡಂಚಿನ ಗ್ರಾಮಗಳವರೆಗೂ, ಭತ್ತವೇ ಬಾಳಿನ ಆಧಾರ. ಬೆಳೆದ ಭತ್ತ ಅಕ್ಕಿಯಾಗಲು ಗಿರಣಿಗೆ ಬರಲೇಬೇಕು. ಆದುದರಿಂದ ಗಿರಣಿಯ ಲೆಕ್ಕ ಬರೆಯುವವನಿಗೆ ರೈತನ ಇಳುವರಿ, ಸಾಲ, ಮನೆಯ ಮದುವೆಯ ಖರ್ಚು ಎಲ್ಲವೂ ತಿಳಿದುಬರುತ್ತವೆ. ಶ್ರೀ ಬಿ. ಎಸ್. ಯಡಿಯೂರಪ್ಪನವರ ರಾಜಕೀಯದ ಬೇರನ್ನು ಅರಸುವವರು ಈ ಅಂಗಳದಿಂದಲೇ ತೊಡಗಬೇಕು.

1943ರಲ್ಲಿ ಕೃಷ್ಣರಾಜಪೇಟೆ ತಾಲ್ಲೂಕಿನ ಬೂಕನಕೆರೆಯಲ್ಲಿ ಜನಿಸಿದ ಅವರಿಗೆ ಎಡೆಯೂರು ಸಿದ್ಧಲಿಂಗೇಶ್ವರರ ಕ್ಷೇತ್ರದ ಹೆಸರನ್ನೇ ಇಟ್ಟರು. 1965ರಲ್ಲಿ ಸಮಾಜ ಕಲ್ಯಾಣ ಇಲಾಖೆಯಲ್ಲಿ ಗುಮಾಸ್ತೆಯ ಹುದ್ದೆ ದೊರೆಯಿತು. ಅದನ್ನು ತೊರೆದು ಶಿಕಾರಿಪುರಕ್ಕೆ ಬಂದು ಅಕ್ಕಿಯ ಗಿರಣಿಯಲ್ಲಿ ಗುಮಾಸ್ತರಾದರು. ಸರ್ಕಾರದ ಸಂಬಳ ಬಿಟ್ಟುದು ಅಂದು ಹಲವರಿಗೆ ಅವಿವೇಕವೆಂದೇ ತೋರಿರಬೇಕು! 1967ರಲ್ಲಿ ಗಿರಣಿಯ ಯಜಮಾನರ ಪುತ್ರಿಯನ್ನು ವರಿಸಿದರು. ಮುಂದೆ ಶಿವಮೊಗ್ಗದಲ್ಲಿ ಹಾರ್ಡ್‌ವೇರ್ ಅಂಗಡಿ ತೆರೆದರು.

ವರ್ತಕರು ಪುರಸಭೆಯನ್ನು ಸೇರುವುದು ನಮ್ಮ ಸಣ್ಣ ಪಟ್ಟಣಗಳಲ್ಲಿ ಹೊಸತಲ್ಲ. ಚರಂಡಿ, ಬೀದಿದೀಪ, ಸಂತೆಯ ಸುಂಕ, ಇವುಗಳ ಬಿಸಿ ಮೊದಲು ತಟ್ಟುವುದು ಅಂಗಡಿಯ ಕಟ್ಟೆಗೇ. 1970ರ ದಶಕದಲ್ಲಿ ಅವರು ಶಿಕಾರಿಪುರ ಪುರಸಭೆಯ ಸದಸ್ಯರೂ ಅಧ್ಯಕ್ಷರೂ ಆದರು. ತುರ್ತು ಪರಿಸ್ಥಿತಿಯಲ್ಲಿ ಸೆರೆವಾಸ ಕಂಡರು. 1983ರಲ್ಲಿ ಶಾಸಕರಾದರು. ಪರಿಚಯವೊಂದೇ ಗೆಲುವನ್ನು ಕಾಯಲಾರದು; 1999ರಲ್ಲಿ ಅದೇ ಶಿಕಾರಿಪುರ ಅವರನ್ನು ಸೋಲಿಸಿತು, 2004ರಲ್ಲಿ ಮರಳಿ ಗೆಲ್ಲಿಸಿತು.

2008ರಲ್ಲಿ ಅವರು ಮುಖ್ಯಮಂತ್ರಿಯಾಗಿ ರೈತರ ಹೆಸರಿನಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಗಿರಣಿಯಲ್ಲಿ ರೈತರ ಲೆಕ್ಕ ಬರೆದ ಕೈ 2011ರಲ್ಲಿ ಕೃಷಿಗೆಂದೇ ಪ್ರತ್ಯೇಕ ಮುಂಗಡಪತ್ರವನ್ನು ಮಂಡಿಸಿತು. ಅದೇ ವರ್ಷದ ಜುಲೈ ತಿಂಗಳಲ್ಲಿ, ಗಣಿಗಾರಿಕೆಯ ಕುರಿತಾದ ಲೋಕಾಯುಕ್ತ ವರದಿಯ ಬೆನ್ನಿಗೆ, ಅವರು ಅಧಿಕಾರವನ್ನು ತ್ಯಜಿಸಬೇಕಾಯಿತು.