ಸೂಜಿಯ ಮೊನೆ ಮತ್ತು ಶುಶ್ರೂಷಕಿಯ ಮೌನ

೧೮೪೭ರಲ್ಲಿ ವಿಯೆನ್ನಾದ ವೈದ್ಯ ಕೊಲೆಚ್ಕಾ ಶವಪರೀಕ್ಷೆಯ ವೇಳೆ ಬೆರಳಿಗಾದ ಸಣ್ಣ ಗಾಯದಿಂದ ಮಡಿದನು. ಅಂದು ಅದಕ್ಕೆ ಮದ್ದಿರಲಿಲ್ಲ. ಇಂದು ಮದ್ದುಂಟು, ಕಾಲ ಮೀರದಂತೆ ಹೇಳಿಕೊಳ್ಳುವ ಧೈರ್ಯ ಬೇಕು.

ರಾಜ್ಯದ ಶುಶ್ರೂಷಾ ಪದವಿಗಳಿಗೆ ನಾಸಿಕದ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ಆಧಾರ. ಛತ್ರಪತಿ ಸಂಭಾಜಿನಗರದಲ್ಲಿ ಜನರು ‘ಘಾಟಿ’ ಎಂದು ಕರೆಯುವ ದೊಡ್ಡ ಸರಕಾರಿ ಆಸ್ಪತ್ರೆಯಿದೆ. ಪಾಠ ಕಲಿತವಳಿಗೂ ವಾರ್ಡಿನ ರಾತ್ರಿಪಾಳಿಯಲ್ಲಿ ಸೂಜಿ ಚುಚ್ಚಬಹುದು. ಆಗ ಮಾಡತಕ್ಕುದೇನು?

ಗಾಯವನ್ನು ಒಡನೆಯೇ ಸಾಬೂನು-ನೀರಿನಿಂದ ತೊಳೆಯಬೇಕು. ಹಿಂಡಕೂಡದು, ಬೆರಳನ್ನು ಬಾಯಿಗಿಡಕೂಡದು. ಕಣ್ಣಿಗೆ ರಕ್ತ ಸಿಡಿದರೆ ಶುದ್ಧ ನೀರಿನಿಂದ ತೊಳೆಯಬೇಕು. ಎಚ್.ಐ.ವಿ. ಇರುವ ರಕ್ತದ ಸೂಜಿ ಚುಚ್ಚಿದರೆ ಸೋಂಕಿನ ಸಂಭವ ಸಾವಿರಕ್ಕೆ ಸುಮಾರು ೩; ಲಸಿಕೆ ಪಡೆಯದವಳಿಗೆ ಹೆಪಟೈಟಿಸ್ ಬಿ ತಗಲುವ ಸಂಭವ ನೂರಕ್ಕೆ ೩೦ರವರೆಗೂ ಏರಬಲ್ಲದು. ಆದುದರಿಂದ ೩ ಸಲದ ಲಸಿಕೆಯನ್ನು ಮೊದಲೇ ಮುಗಿಸಿರಬೇಕು. ಎಚ್.ಐ.ವಿ. ತಡೆಯುವ ಔಷಧವನ್ನು ಸಾಧ್ಯವಾದರೆ ೨ ಗಂಟೆಯೊಳಗೆ, ಹೇಗೂ ೭೨ ಗಂಟೆ ಮೀರದಂತೆ ಆರಂಭಿಸಿ ೨೮ ದಿನ ಸೇವಿಸಬೇಕು. ರಕ್ತಪರೀಕ್ಷೆ ಆಗಲೂ, ಮುಂದಿನ ತಿಂಗಳುಗಳಲ್ಲೂ ಆಗಬೇಕು.

ಹೀಗಿದ್ದರೂ ಅಜಾಗರೂಕಳೆಂಬ ಅಪವಾದಕ್ಕಂಜಿ ಎಷ್ಟೋ ಮಂದಿ ಬಾಯಿ ಬಿಡರು. ಮೊನೆಗಿಂತ ಈ ಮೌನವೇ ಹೆಚ್ಚು ಅಪಾಯಕರ. ಸುರಕ್ಷಿತ ವಾತಾವರಣವನ್ನೂ, ಇಂಥ ಸಂಪರ್ಕಕ್ಕೊಳಗಾದ ನೌಕರರಿಗೆ ತಡೆಮದ್ದನ್ನೂ ಒದಗಿಸುವುದು ಆರೋಗ್ಯ ಸಂಸ್ಥೆಯ ಹೊಣೆಯೆಂದು ೨೦೧೭ರ ಎಚ್.ಐ.ವಿ. ಕಾಯಿದೆಯು ವಿಧಿಸಿದೆ. ಬೇಡುವುದು ಭಿಕ್ಷೆಯಲ್ಲ, ಹಕ್ಕು.

ಪರನಾಡಿನ ಆಸ್ಪತ್ರೆಗಳಲ್ಲಿ ನಮ್ಮ ಹೆಣ್ಣುಮಕ್ಕಳೂ ದುಡಿಯುತ್ತಾರೆ. ಅವರು ನಡುರಾತ್ರಿ ಮನೆಗೆ ಕರೆಮಾಡಿ ಅತ್ತರೆ, ನಾವು ‘ಹೇಗಾಯಿತು?’ ಎಂದು ಮೊದಲು ಕೇಳದೆ, ‘ಮದ್ದು ತೆಗೆದುಕೊಂಡೆಯಾ?’ ಎಂದು ಕೇಳುವಂತಾಗಲಿ.