ಬೀದಿಯ ತರಗೆಲೆ, ಅಡುಗೆಮನೆಯ ಸಿಪ್ಪೆ

ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡುತ್ತೇವೆಂದು ಹುರುಪಿನಿಂದ ಹೊರಟ ಅನೇಕರು ಎರಡು ಮೂರು ವಾರಕ್ಕೇ ಕೈಚೆಲ್ಲುತ್ತಾರೆ. ಮಡಕೆ ನಾರುತ್ತದೆ, ನೊರಜು ಮುತ್ತುತ್ತದೆ, ತಳದಿಂದ ಕಪ್ಪು ನೀರು ಸೋರುತ್ತದೆ, ಪಕ್ಕದ ಮನೆಯವರು ಗೊಣಗುತ್ತಾರೆ. ಅದೇ ಬೀದಿಯಲ್ಲಿ ಬೆಳಿಗ್ಗೆ ಗುಡಿಸಿ ಗುಡ್ಡೆ ಹಾಕಿದ ಒಣ ಎಲೆಗೆ ಯಾರೋ ಬೆಂಕಿ ಇಟ್ಟಿರುತ್ತಾರೆ. ನೋಡಲು ಇವೆರಡು ಬೇರೆ ಬೇರೆ ತೊಂದರೆಗಳು. ಆದರೆ ಆ ಮಡಕೆಯಲ್ಲಿ ಕೊರತೆಯಾಗಿರುವುದೇ ರಸ್ತೆಯಲ್ಲಿ ಸುಟ್ಟುಹೋಗುತ್ತಿರುವ ಎಲೆ. ಎಲೆಯನ್ನು ಮಡಕೆಗೆ ತಲುಪಿಸುವ ಏರ್ಪಾಡು ಮಾಡಿಕೊಂಡರೆ ಎರಡೂ ತೊಂದರೆ ಒಟ್ಟಿಗೆ ತೀರುತ್ತವೆ.

ಇದು ಹೊಸ ವಿದ್ಯೆಯಲ್ಲ. ಉತ್ತರ ಕನ್ನಡದ ಅಡಿಕೆ ಬೆಳೆಗಾರರು ಸೊಪ್ಪಿನ ಬೆಟ್ಟದಿಂದ ಸೊಪ್ಪು, ತರಗು ತಂದು ಕೊಟ್ಟಿಗೆಯಲ್ಲಿ ದನದ ಕಾಲಡಿ ಹರಡುತ್ತಾರೆ. ಸಗಣಿ, ಗಂಜಳ ಹೀರಿಕೊಂಡ ಆ ಸೊಪ್ಪು ಗೊಬ್ಬರದ ಗುಂಡಿ ಸೇರಿ, ಕಳಿತು, ಕೊನೆಗೆ ಅಡಿಕೆ ಮರದ ಬುಡಕ್ಕೆ ಹೋಗುತ್ತದೆ. ಬರೀ ಸಗಣಿ ಹಾಕಿದರೆ ಗುಂಡಿ ನಾರುತ್ತದೆ, ಬರೀ ಎಲೆ ಹಾಕಿದರೆ ವರ್ಷವಾದರೂ ಕಳಿಯುವುದಿಲ್ಲ ಎಂಬುದು ಅಲ್ಲಿನವರಿಗೆ ಗೊತ್ತು. ನಗರದಲ್ಲಿ ಕೊಟ್ಟಿಗೆಯಿಲ್ಲ, ಸಗಣಿಯ ಜಾಗಕ್ಕೆ ತರಕಾರಿ ಸಿಪ್ಪೆ ಬಂದಿದೆ. ಉಳಿದದ್ದೆಲ್ಲ ಹಾಗೇ ಇದೆ.

ಎಲೆ ಏಕೆ ಬೇಕು?

ಕಸವನ್ನು ಗೊಬ್ಬರ ಮಾಡುವುದು ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು. ಅವಕ್ಕೆ ಶಕ್ತಿಗಾಗಿ ಇಂಗಾಲ ಬೇಕು, ಮೈ ಕಟ್ಟಿಕೊಳ್ಳಲು ಸಾರಜನಕ ಬೇಕು. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದಾಗ ಅವು ಚುರುಕಾಗಿ ಕೆಲಸ ಮಾಡುತ್ತವೆ. ತರಕಾರಿ ಸಿಪ್ಪೆಯಲ್ಲಿ ಈ ಪ್ರಮಾಣ ಸುಮಾರು 15ರಿಂದ 20 ಮಾತ್ರ, ಒಣ ಎಲೆಯಲ್ಲಿ 40ರಿಂದ 80. ಎರಡನ್ನೂ ಬೆರೆಸಿದರೆ ಲೆಕ್ಕ ಸರಿಹೋಗುತ್ತದೆ.

ಇಂಗಾಲದಷ್ಟೇ ಮುಖ್ಯವಾದದ್ದು ಗಾಳಿ ಮತ್ತು ನೀರು. ಅಡುಗೆಮನೆಯ ಹಸಿ ಕಸದ ತೂಕದಲ್ಲಿ ಮುಕ್ಕಾಲು ಪಾಲು ನೀರೇ. ಗೊಬ್ಬರದ ರಾಶಿಯಲ್ಲಿ ಇರಬೇಕಾದ ತೇವ ಶೇ. 50ರಿಂದ 60. ಬರೀ ಸಿಪ್ಪೆ ತುಂಬಿದರೆ ಅದು ಕುಸಿದು ಅಂಟಿಕೊಂಡು ಒಳಗೆ ಗಾಳಿಯೇ ಆಡುವುದಿಲ್ಲ. ಆಗ ಗಾಳಿ ಬೇಡದ ಬೇರೆ ಸೂಕ್ಷ್ಮಜೀವಿಗಳು ಸೇರಿಕೊಳ್ಳುತ್ತವೆ, ನಾತ ಅವುಗಳದ್ದು. ಊರಾಚೆಯ ದೊಡ್ಡ ಕಸದ ಗುಡ್ಡೆಗಳ ಒಳಗೆ ನಡೆಯುವುದೂ ಇದೇ; ಅಲ್ಲಿಂದ ಹೊರಬರುವ ಮೀಥೇನ್ ಅನಿಲ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ. ಒಣ ಎಲೆ ಹೆಚ್ಚಿನ ನೀರನ್ನು ಹೀರುತ್ತದೆ, ಸಿಪ್ಪೆಗಳ ನಡುವೆ ಗಾಳಿಗೆ ದಾರಿ ಬಿಡುತ್ತದೆ.

ಮೊದಲು ಬೇರ್ಪಡಿಸಿ

ಗೊಬ್ಬರಕ್ಕಿಂತ ಮುಂಚಿನ ಕೆಲಸ ಕಸ ಬೇರ್ಪಡಿಸುವುದು. ಬೆಂಗಳೂರು ಇದನ್ನು ಕಲಿತದ್ದು ಪೆಟ್ಟು ತಿಂದು. ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಜಾಗ 2012ರಲ್ಲಿ ಮುಚ್ಚಿದಾಗ ಬೀದಿಬೀದಿಯಲ್ಲಿ ಕಸ ಕೊಳೆಯಿತು. ಮಂಡೂರಿನ ಜನ ಹೋರಾಡಿ 2014ರ ಕೊನೆಗೆ ತಮ್ಮೂರಿಗೆ ಬರುತ್ತಿದ್ದ ಲಾರಿಗಳನ್ನು ನಿಲ್ಲಿಸಿದರು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ‘ಎರಡು ಡಬ್ಬ, ಒಂದು ಚೀಲ’ದ ಪದ್ಧತಿಯನ್ನು ಬೆಂಗಳೂರಿನಲ್ಲಿ ಕಡ್ಡಾಯ ಮಾಡಿತು. ಹಸಿರು ಡಬ್ಬಕ್ಕೆ ಹಸಿ ಕಸ. ಕೆಂಪು ಡಬ್ಬಕ್ಕೆ ಡೈಪರ್, ಸ್ಯಾನಿಟರಿ ಪ್ಯಾಡ್, ಬ್ಯಾಂಡೇಜಿನಂಥವು. ಚೀಲಕ್ಕೆ ಕಾಗದ, ಪ್ಲಾಸ್ಟಿಕ್, ಗಾಜು, ಲೋಹ.

ಇಲ್ಲಿ ಮೂರು ಸಣ್ಣ ಅಭ್ಯಾಸಗಳು ಸಾಕು. ಹಸಿ ಕಸದ ಡಬ್ಬದೊಳಗೆ ಪ್ಲಾಸ್ಟಿಕ್ ಕವರ್ ಹಾಕಬೇಡಿ. ತಳಕ್ಕೆ ಹಳೆಯ ಪೇಪರ್ ಹಾಸಿ. ಹಾಲಿನ ಕವರನ್ನು ತೊಳೆದು, ಒಣಗಿಸಿ ಚೀಲಕ್ಕೆ ಹಾಕಿ. ಕತ್ತರಿಸುವಾಗ ಮೂಲೆಯ ಚೂರನ್ನು ಪೂರ್ತಿ ಬೇರ್ಪಡಿಸದೆ ಕವರಿಗೇ ಅಂಟಿಕೊಂಡಿರಲು ಬಿಡಿ, ಇಲ್ಲದಿದ್ದರೆ ಆ ಚೂರು ಗೊಬ್ಬರ ಸೇರುತ್ತದೆ. ಪ್ಯಾಡ್, ಡೈಪರ್‌ಗಳನ್ನು ಪೇಪರಿನಲ್ಲಿ ಸುತ್ತಿ ಕೆಂಪು ಗುರುತು ಹಾಕಿ. ಇವನ್ನೆಲ್ಲ ನೀವು ಮಾಡದಿದ್ದರೆ ಇನ್ನೊಬ್ಬರು ಕೈ ಹಾಕಿ ಮಾಡಬೇಕಾಗುತ್ತದೆ.

ಮನೆಯ ಮಡಕೆ

ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಅರ್ಧದಿಂದ ಒಂದು ಕೆ.ಜಿ. ಹಸಿ ಕಸ ಬರುತ್ತದೆ. ಇದಕ್ಕೆ ತೂತುಗಳಿರುವ ಎರಡು ಮಣ್ಣಿನ ಮಡಕೆ ಅಥವಾ 20 ಲೀಟರಿನ ಎರಡು ಮೂರು ಹಳೆಯ ಪೇಂಟ್ ಬಕೆಟ್ ಸಾಕು. ಬಕೆಟ್ ಆದರೆ ತಳಕ್ಕೂ ಪಕ್ಕಕ್ಕೂ ತೂತು ಕೊರೆದು, ಇಟ್ಟಿಗೆಯ ಮೇಲಿಟ್ಟು, ಅಡಿಯಲ್ಲಿ ಒಂದು ತಟ್ಟೆ ಇಡಿ. ಒಂದರ ಮೇಲೊಂದು ಕೂರುವ ಮೂರಂತಸ್ತಿನ ಮಡಕೆಗಳೂ ಸಿಗುತ್ತವೆ. ದುಬಾರಿ ಸಾಮಾನು ಕೊಂಡರೆ ಗೊಬ್ಬರ ಬೇಗ ಆಗುತ್ತದೆಂದೇನಿಲ್ಲ.

ತಳಕ್ಕೆ ನಾಲ್ಕು ಬೆರಳಷ್ಟು ತರಗೆಲೆ ಹಾಸಿ. ಅದರ ಮೇಲೆ ಒಂದು ಹಿಡಿ ಹಳೆಯ ಗೊಬ್ಬರವನ್ನೋ ಸಗಣಿ ನೀರನ್ನೋ ಹುಳಿ ಮಜ್ಜಿಗೆಯನ್ನೋ ಹಾಕಿ. ಸೂಕ್ಷ್ಮಜೀವಿಗಳಿಗೆ ಇದು ಹೆಪ್ಪು. ಆಮೇಲೆ ದಿನವೂ ಒಂದು ಬಟ್ಟಲು ಸಿಪ್ಪೆಗೆ ಒಂದರಿಂದ ಎರಡು ಬಟ್ಟಲು ಪುಡಿ ಮಾಡಿದ ಎಲೆ. ಕೊನೆಯ ಪದರ ಯಾವಾಗಲೂ ಎಲೆಯದ್ದೇ ಆಗಿರಲಿ, ಸಿಪ್ಪೆ ಕಣ್ಣಿಗೆ ಕಾಣಬಾರದು. ವಾರಕ್ಕೆರಡು ಸಲ ಕೋಲಿನಿಂದ ತಳದವರೆಗೂ ಕೆದಕಿ.

ಕಾಫಿ ಚರಟ, ಟೀ ಚರಟ, ಪೂಜೆಯ ಹೂವು, ಪುಡಿ ಮಾಡಿದ ಮೊಟ್ಟೆ ಚಿಪ್ಪು ಎಲ್ಲವೂ ನಡೆಯುತ್ತವೆ. ಮಿಕ್ಕ ಸಾರು, ಪಲ್ಯವನ್ನು ನೀರು ಬಸಿದು, ಎಲೆ ಹೆಚ್ಚಿಸಿ ಹಾಕಬಹುದು. ನಿಂಬೆ, ಕಿತ್ತಳೆ ಸಿಪ್ಪೆ ಒಮ್ಮೆಗೇ ರಾಶಿ ಬೇಡ. ತೆಂಗಿನ ಕರಟ, ಮಾವಿನ ವಾಟೆ ಕಳಿಯಲು ತುಂಬ ಕಾಲ ಬೇಕು. ಮೂಳೆ, ಮಾಂಸ, ಎಣ್ಣೆಯನ್ನು ಕೈ ಪಳಗುವ ತನಕ ದೂರವಿಡಿ.

ಕೆಟ್ಟರೆ ಸರಿಪಡಿಸುವುದು

ಒಂದು ಹಿಡಿ ತೆಗೆದು ಹಿಂಡಿ ನೋಡಿ. ಒಂದೆರಡು ಹನಿ ಜಿನುಗಿದರೆ ತೇವ ಸರಿಯಾಗಿದೆ. ಧಾರೆ ಇಳಿದರೆ ನೀರು ಹೆಚ್ಚು, ಉದುರಿಹೋದರೆ ಕಡಿಮೆ.

ಗಂಜಳದಂಥ ಘಾಟು ಬಂದರೆ ಸಾರಜನಕ ಹೆಚ್ಚಾಗಿ ಅಮೋನಿಯಾ ಹೊರಬೀಳುತ್ತಿದೆ ಎಂದರ್ಥ. ಕೊಳೆತ ಮೊಟ್ಟೆಯ ನಾತವಾದರೆ ಒಳಗೆ ಗಾಳಿ ಇಲ್ಲ. ಎರಡಕ್ಕೂ ಪರಿಹಾರ ಒಂದೇ: ಧಾರಾಳವಾಗಿ ಎಲೆ ಬೆರೆಸಿ ಚೆನ್ನಾಗಿ ಕೆದಕಿ, ಒಂದು ದಿನ ಮುಚ್ಚಳ ಓರೆಯಾಗಿಡಿ. ವಾರಗಳಾದರೂ ಏನೂ ಕರಗದಿದ್ದರೆ ಎಲೆ ಹೆಚ್ಚಾಗಿ ಒಣಗಿದೆ. ಅಕ್ಕಿ ತೊಳೆದ ನೀರು ಚಿಮುಕಿಸಿ.

ಬೂದು ಬಣ್ಣದ ದಪ್ಪ ಹುಳುಗಳು ಕಂಡರೆ ಹೌಹಾರಬೇಕಿಲ್ಲ. ಅವು ಸಾಮಾನ್ಯವಾಗಿ ಬ್ಲ್ಯಾಕ್ ಸೋಲ್ಜರ್ ಎಂಬ ನೊಣದ ಮರಿಗಳು. ಹಸಿ ಕಸವನ್ನು ವೇಗವಾಗಿ ತಿಂದು ಮುಗಿಸುತ್ತವೆ. ದೊಡ್ಡದಾದ ಮೇಲೆ ಆ ನೊಣ ನಮ್ಮ ಊಟದ ಮೇಲೆ ಕೂರುವುದಿಲ್ಲ, ರೋಗವನ್ನೂ ಹರಡುವುದಿಲ್ಲ. ನೋಡಲು ಹೇಸಿಗೆ ಎನಿಸಿದರೆ ಎಲೆ ಹೆಚ್ಚಿಸಿ ತೇವ ತಗ್ಗಿಸಿ. ನೊರಜು ಹೆಚ್ಚಾದರೆ ಸ್ವಲ್ಪ ಬೇವಿನ ಹಿಂಡಿ ಉದುರಿಸಿ, ಮೇಲಿನ ಎಲೆಯ ಪದರವನ್ನು ದಪ್ಪ ಮಾಡಿ.

ಬೀದಿಯ ಎಲೆಗೂಡು

ಒಬ್ಬರ ಮನೆಯ ಮಡಕೆಯಿಂದ ಬೀದಿಯ ಎಲೆಯೆಲ್ಲ ಖರ್ಚಾಗುವುದಿಲ್ಲ. ಉಳಿದ ಎಲೆಗೆ ಕಬ್ಬಿಣದ ಜಾಲರಿಯ ಗೂಡು ಬೇಕು: ನಾಲ್ಕಡಿ ಎತ್ತರ, ಮೂರು ನಾಲ್ಕಡಿ ಅಗಲ. ಪಾರ್ಕಿನ ಮೂಲೆಯಲ್ಲೋ ಅಪಾರ್ಟ್‌ಮೆಂಟಿನ ಹಿಂಬದಿಯಲ್ಲೋ ಮಣ್ಣಿನ ನೆಲದ ಮೇಲೆ, ಮರದ ಬುಡಕ್ಕೆ ತಾಗದಂತೆ ನಿಲ್ಲಿಸಿ. ಸಾರ್ವಜನಿಕ ಜಾಗವಾದರೆ ಪಾಲಿಕೆಯವರ ಒಪ್ಪಿಗೆ ಮೊದಲೇ ಪಡೆಯಿರಿ. ಗುಟ್ಕಾ ಚೀಟಿ, ಪ್ಲಾಸ್ಟಿಕ್ ಆರಿಸಿ ತೆಗೆದು ಎಲೆ ತುಂಬಿ, ತುಳಿದು, ನೀರು ಹಾಕಿ, ನಡುನಡುವೆ ಸಗಣಿ ನೀರು ಚಿಮುಕಿಸಿ. ಎರಡು ವಾರಕ್ಕೊಮ್ಮೆ ತಿರುವಿ ಹಾಕಿದರೆ ಮೂರು ನಾಲ್ಕು ತಿಂಗಳಿಗೆ ತಳದಲ್ಲಿ ಗೊಬ್ಬರ ಕಾಣತೊಡಗುತ್ತದೆ. ಹೊಂಗೆ, ಮಳೆಮರದ ಎಲೆ ಬೇಗ ಕಳಿಯುತ್ತವೆ. ಮಾವು, ಹಲಸು, ಅರಳಿ ನಿಧಾನ. ಗೂಡಿಗೆ ಅನ್ನ, ಸಾರು ಬೀಳಬಾರದು. ಬಿದ್ದರೆ ಇಲಿ, ಬೀದಿನಾಯಿ ಬರುತ್ತವೆ. ದೂರು ಬಂದು ಗೂಡೇ ಎತ್ತಂಗಡಿಯಾಗುತ್ತದೆ.

ಇದರಲ್ಲಿ ಕಷ್ಟದ ಭಾಗ ಜನರದ್ದು. ಎಲೆ ಗುಡಿಸುವವರು ಪೌರಕಾರ್ಮಿಕರು. ಗಂಟೆಯ ಲೆಕ್ಕದಲ್ಲಿ ಬೀದಿಗಳನ್ನು ಮುಗಿಸಬೇಕಾದ ಅವರಿಗೆ ಗೂಡು ತುಂಬುವ ಕೆಲಸವನ್ನೂ ಹೊರಿಸುವುದು ನ್ಯಾಯವಲ್ಲ. “ಅಕ್ಕಾ, ಎಲೆ ಬೇರೆ, ಕಸ ಬೇರೆ ಗುಡ್ಡೆ ಮಾಡಿಬಿಡಿ, ಚೀಲಕ್ಕೆ ತುಂಬೋದು ನಾವು ನೋಡ್ಕೋತೀವಿ” ಎಂದು ಹೇಳಿ, ಹೇಳಿದಂತೆ ನಡೆದುಕೊಂಡರೆ ಅವರು ಹೊರಬೇಕಾದ ಭಾರವೂ ಇಳಿಯುತ್ತದೆ. ಎಲೆ ಸುಡುವವರೊಡನೆಯೂ ಜಗಳಕ್ಕೆ ಮೊದಲು ಚೀಲ ಕೊಡಿ. ಜಾಗವಿಲ್ಲದೆ ಸುಡುವವರೇ ಹೆಚ್ಚು. ರಸ್ತೆಯಲ್ಲಿ ಕಸ ಸುಡುವುದನ್ನು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ನಿಷೇಧಿಸಿದ್ದವು ಎಂಬ ಮಾತನ್ನು ಆಮೇಲೆ ತೆಗೆಯಬಹುದು.

ಇನ್ನು ಸರದಿ. ವಾರಕ್ಕೆ ಇಬ್ಬರಂತೆ ಹೆಸರು ಬರೆದು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿ: ಒಬ್ಬರು ನೀರು, ಒಬ್ಬರು ತಿರುವಿ ಹಾಕುವುದು. ಸಲಿಕೆ, ಜರಡಿ ಯಾರ ಮನೆಯಲ್ಲಿರುತ್ತವೆ ಎಂದು ಮೊದಲೇ ಗೊತ್ತುಮಾಡಿ. ಗೊಬ್ಬರವನ್ನು ಯಾರು ಎಷ್ಟು ತೆಗೆದುಕೊಳ್ಳಬೇಕೆಂಬುದೂ ಮೊದಲೇ ತೀರ್ಮಾನವಾಗಲಿ. ಮೊದಲ ಪಾಲು ಬೀದಿಯ ಮರಗಳ ಪಾತಿಗೆ ಹೋದರೆ ತಕರಾರು ಕಡಿಮೆ.

ಗೊಬ್ಬರ ಆಯಿತೇ?

ಮನೆಯ ಮಡಕೆ ತುಂಬಿದ ಮೇಲೆ ಎರಡರಿಂದ ಮೂರು ತಿಂಗಳು ಬಿಡಿ. ಕಪ್ಪಗೆ, ಪುಡಿಪುಡಿಯಾಗಿ, ಸಿಪ್ಪೆಯ ಗುರುತು ಸಿಗದಂತಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಆಯಿತು. ಆ ವಾಸನೆ ಆ್ಯಕ್ಟಿನೋಮೈಸೀಟ್ಸ್ ಎಂಬ ಬ್ಯಾಕ್ಟೀರಿಯಾಗಳು ಹೊರಬಿಡುವ ಜಿಯೋಸ್ಮಿನ್‌ನದು. ಅನುಮಾನವಿದ್ದರೆ ಒಂದು ಹಿಡಿ ಗೊಬ್ಬರವನ್ನು ಒದ್ದೆ ಮಾಡಿ ಡಬ್ಬಿಯಲ್ಲಿ ಮೂರು ದಿನ ಮುಚ್ಚಿಡಿ; ತೆಗೆದಾಗ ನಾರಿದರೆ ಇನ್ನೂ ಕಾಯಬೇಕು. ದೊಡ್ಡ ರಾಶಿಗಳ ಒಳಗೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಶಾಖ ಹುಟ್ಟಿ ಬೀಜಗಳು ಸಾಯುತ್ತವೆ. ಸಣ್ಣ ಮಡಕೆ ಅಷ್ಟು ಕಾಯುವುದಿಲ್ಲ, ಆದ್ದರಿಂದಲೇ ಕುಂಡದಲ್ಲಿ ಹಾಕದ ಟೊಮೆಟೊ, ಕುಂಬಳ ಮೊಳೆಯುತ್ತವೆ. ಬೇಕಾದರೆ ಬೆಳೆಸಿ, ಬೇಡವಾದರೆ ಕೀಳಿ. ಕುಂಡಕ್ಕೆ ಮೂರು ಪಾಲು ಮಣ್ಣಿಗೆ ಒಂದು ಪಾಲು ಗೊಬ್ಬರ ಸಾಕು.

ಆರಂಭಕ್ಕೆ ಒಳ್ಳೆಯ ಕಾಲ ಎಲೆ ಉದುರುವ ಕಾಲ. ಬೆಂಗಳೂರು, ಮೈಸೂರು ಕಡೆ ಡಿಸೆಂಬರ್‌ನಿಂದ ಯುಗಾದಿಯವರೆಗೆ ತರಗೆಲೆಗೆ ಬರವಿಲ್ಲ, ಜೂನ್‌ನಿಂದ ಅಕ್ಟೋಬರ್‌ವರೆಗೆ ಒಣಗಿದ ಎಲೆ ಹುಡುಕಿದರೂ ಸಿಗುವುದು ಕಷ್ಟ. ಒಂದು ಮನೆಯ ಮಡಕೆಗೆ ಪುಡಿ ಮಾಡಿದ ಎಲೆ ತಿಂಗಳಿಗೆ ಸುಮಾರು ಒಂದು ಗೋಣಿಚೀಲ ಬೇಕು. ಮಳೆಗಾಲದ ಲೆಕ್ಕಕ್ಕೆ ಐದು ಚೀಲ ತುಂಬಿಸಿ, ನೆನೆಯದ ಜಾಗದಲ್ಲಿ ಇಟ್ಟುಕೊಳ್ಳಿ. ಮಡಕೆ ಕೊಳ್ಳುವುದು ಅದರ ನಂತರದ ಕೆಲಸ.