ತಾನೇ ತಿರುಗುವ ಚಕ್ರ: ಭಾಸ್ಕರಾಚಾರ್ಯರು ನಿಜವಾಗಿ ಬರೆದಿದ್ದೇನು?

ಕಳಂಬೋಲಿಯ ನಮ್ಮ ಕಟ್ಟಡದ ಬಾಲಕನೊಬ್ಬ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಹಳೆಯ ಸೈಕಲ್ ಗಾಲಿಗೆ ಅರ್ಧ ನೀರು ತುಂಬಿದ ಪುಟ್ಟ ಬಾಟಲಿಗಳನ್ನು ಓರೆಯಾಗಿ ಕಟ್ಟಿದ್ದನು. ಭಾಸ್ಕರಾಚಾರ್ಯರ ಚಕ್ರವು ತಾನಾಗಿಯೇ ತಿರುಗುತ್ತಿತ್ತೆಂದು ಮೊಬೈಲಿನಲ್ಲಿ ಬಂದ ಸಂದೇಶವೇ ಆತನಿಗೆ ಸ್ಫೂರ್ತಿ. ಗಾಲಿಯು ಕೆಲವು ಸುತ್ತು ತಿರುಗಿ ನಿಂತಿತು. ತನ್ನ ಕೈಕೆಲಸವೇ ಸರಿಯಿಲ್ಲವೆಂದು ಆತ ನೊಂದುಕೊಂಡನು. ದೋಷ ಆತನದ್ದಲ್ಲ.

1114ರಲ್ಲಿ ಜನಿಸಿದ ಭಾಸ್ಕರಾಚಾರ್ಯರು ತಮ್ಮ ಮನೆತನದ ಊರು ಸಹ್ಯಾದ್ರಿಯನ್ನಾಶ್ರಯಿಸಿದ ವಿಜ್ಜಡವಿಡವೆಂದು ಬರೆದುಕೊಂಡಿದ್ದಾರೆ. ಅದು ವಿಜಯಪುರವೆಂಬುದು ಕನ್ನಡಿಗರಾದ ನಮ್ಮ ಹೆಮ್ಮೆ. ಚಾಳೀಸ್‌ಗಾಂವ್ ಬಳಿಯ ಪಾಟಣದ ಕಡೆಯದೆಂದು ಇನ್ನು ಕೆಲವು ವಿದ್ವಾಂಸರ ವಾದ. ಅವರ ಮೊಮ್ಮಗ ಚಾಂಗದೇವನ 1207ರ ಶಾಸನವಿರುವುದು ಪಾಟಣದಲ್ಲಿಯೇ.

ಅವರ 'ಸಿದ್ಧಾಂತ ಶಿರೋಮಣಿ' (1150) ಗ್ರಂಥದ ಗೋಲಾಧ್ಯಾಯದಲ್ಲಿ 'ಸ್ವಯಂವಹ' ಯಂತ್ರದ ವರ್ಣನೆಯಿದೆ. ಹಗುರ ಮರದ ಚಕ್ರ. ಅದಕ್ಕೆ ಸಮಾನ ಅಂತರದಲ್ಲಿ ತುಸು ಓರೆಯಾಗಿ ಜೋಡಿಸಿದ ಟೊಳ್ಳು ಅರಗಳು. ಅವುಗಳಲ್ಲಿ ಅರ್ಧದಷ್ಟು ಪಾದರಸ. 628ರಲ್ಲಿಯೇ ಬ್ರಹ್ಮಗುಪ್ತನು ಇಂಥದನ್ನು ಹೇಳಿದ್ದನು.

ಊರಿನ ಏತವನ್ನು ನೆನೆಯಿರಿ. ಭಾರವು ಅಚ್ಚಿನಿಂದ ದೂರವಾದಷ್ಟೂ ತಿರುಗಿಸುವ ಬಲ, ಅಂದರೆ ಟಾರ್ಕ್, ಹೆಚ್ಚುತ್ತದೆ. ಇಳಿಯುವ ಬದಿಯಲ್ಲಿ ಪಾದರಸವು ಅರದ ತುದಿಗೆ ಹರಿಯುತ್ತದೆ, ಏರುವ ಬದಿಯಲ್ಲಿ ಅಚ್ಚಿನತ್ತ ಸರಿಯುತ್ತದೆ. ಹಾಗಾದರೆ ಇಳಿಯುವ ಬದಿಯೇ ಸದಾ ಗೆಲ್ಲಬೇಕಲ್ಲವೇ?

ಗೆಲ್ಲುವುದಿಲ್ಲ. ಯಾವ ಕ್ಷಣದಲ್ಲಿ ನೋಡಿದರೂ ದೂರದ ಭಾರಗಳು ಕೆಲವೇ. ಏರುವ ಬದಿಯಲ್ಲಿ ಹತ್ತಿರದ ಭಾರಗಳ ಸಂಖ್ಯೆ ಹೆಚ್ಚು. ಒಂದು ಸುತ್ತು ಮುಗಿದಾಗ ಪ್ರತಿ ಹನಿಯೂ ಹೊರಟ ಎತ್ತರಕ್ಕೇ ಮರಳಿರುತ್ತದೆ. ಇಳಿಯುವಾಗ ಕೊಟ್ಟದ್ದಷ್ಟನ್ನೂ ಏರುವಾಗ ವಸೂಲು ಮಾಡಿಬಿಡುತ್ತದೆ. ಅಚ್ಚಿನ ಘರ್ಷಣೆ, ಒಳಗಿನ ದ್ರವದ ತುಳುಕಾಟ ಇವು ಬೇರೆ ನಷ್ಟ. ಇಂಥ ಯಂತ್ರಗಳ ಅರ್ಜಿಗಳನ್ನು ಇನ್ನು ಪರಿಶೀಲಿಸುವುದಿಲ್ಲವೆಂದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯು 1775ರಲ್ಲಿಯೇ ನಿರ್ಧರಿಸಿತು.

ಹಾಗೆಂದು ನಮ್ಮ ಆಚಾರ್ಯರು ಸಣ್ಣವರಾದರೇ? ಸಂದೇಶ ಕಳುಹಿಸುವವರು ಆ ಪ್ರಕರಣವನ್ನು ಕೊನೆಯವರೆಗೆ ಓದಿದಂತೆ ಕಾಣುವುದಿಲ್ಲ. ಹಿಂದಿನವರು ಹೇಳಿದ್ದರಿಂದಷ್ಟೇ ತಾವೂ ಇವನ್ನು ಹೇಳಿದೆವು, ತಾನೇ ತಿರುಗುವ ಎಷ್ಟೋ ಯಂತ್ರಗಳು ನಡೆಯುವುದು ಕೈಚಳಕದಿಂದ ಎಂಬ ಅರ್ಥದ ಮಾತನ್ನು ಅವರೇ ಆಡಿದ್ದಾರೆ. ಅವರು ಮೆಚ್ಚಿದ್ದು 'ಧೀಯಂತ್ರ'ವನ್ನು: ಕೈಯಲ್ಲೊಂದು ಕೋಲು, ಅದನ್ನು ಬಳಸಿ ಎತ್ತರ ದೂರಗಳನ್ನು ಅಳೆಯುವ ಬುದ್ಧಿ. ಹೆಮ್ಮೆಪಡಲು ನನಗೆ ಇದೇ ಹೆಚ್ಚು ಯೋಗ್ಯವೆನಿಸುತ್ತದೆ.

ಸರಿಯುವ ದ್ರವಕ್ಕೆ ಬೇರೆ ಉಪಯೋಗವಿಲ್ಲವೆಂದಲ್ಲ. ಮೇಲಿನಿಂದ ಬಟ್ಟೆ ಹಾಕುವ ಅನೇಕ ವಾಷಿಂಗ್ ಮಷಿನ್‌ಗಳ ತೊಟ್ಟಿಯ ಮೇಲಂಚಿನಲ್ಲಿ ಉಪ್ಪುನೀರು ತುಂಬಿದ ಬಳೆಯಿರುತ್ತದೆ. ಒದ್ದೆ ಬಟ್ಟೆಗಳು ಒಂದೆಡೆ ಗುಂಪಾದರೆ, ವೇಗವೇರಿದಾಗ ಆ ನೀರು ಎದುರು ಬದಿಗೆ ಸರಿದು ತೂಕವನ್ನು ಸರಿದೂಗಿಸುತ್ತದೆ. ತಿರುಗಿಸುವ ಕೆಲಸ ಮಾತ್ರ ಮೋಟಾರಿನದೇ.

ಭಾಸ್ಕರರು ಇನ್ನೊಂದು ಚಕ್ರವನ್ನೂ ಹೇಳಿದ್ದಾರೆ: ಬಾಗಿದ ತಾಮ್ರದ ನಳಿಗೆಯಿಂದ ಸುರಿಯುವ ನೀರು ಅಂಚಿನ ಗಡಿಗೆಗಳನ್ನು ತುಂಬಿ ಅದನ್ನು ತಿರುಗಿಸುತ್ತದೆ. ಕೆಳಗೆ ಬಿದ್ದ ನೀರನ್ನು ಮೇಲಕ್ಕೆ ಒಯ್ಯುವವರಿದ್ದರೆ ಅದು ನಿಲ್ಲಬೇಕಾಗಿಲ್ಲ. ನಮಗೆ ಸಮೀಪದ ಖೋಪೋಲಿಯಲ್ಲಿ 1915ರಲ್ಲಿ ಆರಂಭವಾದ ಟಾಟಾ ಜಲವಿದ್ಯುತ್ ಕೇಂದ್ರದಲ್ಲಿ ಲೋಣಾವಳದ ಕಡೆಯ ಕೆರೆಗಳ ನೀರು ಘಟ್ಟವಿಳಿದು ಯಂತ್ರಗಳನ್ನು ತಿರುಗಿಸಿ ಮುಂಬಯಿಯ ಗಿರಣಿಗಳಿಗೆ ವಿದ್ಯುತ್ತನ್ನು ಒದಗಿಸಿತು. ಅಲ್ಲಿ ನೀರನ್ನು ಮತ್ತೆ ಮೇಲಕ್ಕೊಯ್ಯುವವನು ಸೂರ್ಯ, ಮಳೆಗಾಲದ ಮೋಡಗಳ ಮೂಲಕ.

ಬಾಲಕನು ಗಾಲಿಯನ್ನು ಬಿಸಾಡಿಲ್ಲ. ಬಾಟಲಿಗಳು ಅರ್ಧ ತುಂಬಿದ್ದಾಗ ಎಷ್ಟು ಸುತ್ತು, ನೀರು ಅಲುಗದಂತೆ ಪೂರ್ತಿ ತುಂಬಿದಾಗ ಎಷ್ಟು ಸುತ್ತು ಎಂದು ಎಣಿಸಿ ಪಟ್ಟಿ ಮಾಡುತ್ತಿದ್ದಾನೆ.